ಕಾಯುವ ಕೆಲಸ

ಕಣ್ಣಿನ ನರ ಹಾಳಾಗಿದೆ ಎಂದು ವೈದ್ಯರು ಹೇಳಿದ ಕೂಡಲೇ ಮನೆಯವರ ಬಾಯಿಂದ ಬರುವ ಮಾತು ಹೆಚ್ಚಾಗಿ ಇದೇ: ‘ಯಾರಾದರೂ ಕಣ್ಣು ದಾನ ಕೊಟ್ಟರೆ ಇವರಿಗೆ ಹಾಕಬಹುದಲ್ಲ ಡಾಕ್ಟ್ರೇ?’ ಡಾ. ರಾಜ್‌ಕುಮಾರ್, ಆಮೇಲೆ 2021ರಲ್ಲಿ ಪುನೀತ್ ಅವರ ನೇತ್ರದಾನ ಕಂಡ ನಾಡಿನಲ್ಲಿ ಹೀಗೆ ಕೇಳುವುದು ಸಹಜ. ಆದರೆ ದಾನದ ಕಣ್ಣಿನಿಂದ ಬದಲಾಯಿಸುವುದು ಮುಂಭಾಗದ ಕಾರ್ನಿಯಾವನ್ನು. ಕಂಡದ್ದನ್ನು ಮಿದುಳಿಗೆ ತಲುಪಿಸುವ ದೃಷ್ಟಿನರ ಇರುವುದು ಕಣ್ಣುಗುಡ್ಡೆಯ ಹಿಂದೆ. ಅದರಲ್ಲಿ ಸುಮಾರು 10 ಲಕ್ಷ ಎಳೆಗಳು. ಮೀನು, ಕಪ್ಪೆಗಳಲ್ಲಿ ತುಂಡಾದ ದೃಷ್ಟಿನರ ಮತ್ತೆ ಬೆಳೆದು ಮಿದುಳನ್ನು ಸೇರುತ್ತದೆ. ಮನುಷ್ಯರಲ್ಲಿ ಸತ್ತ ಎಳೆ ಸತ್ತಂತೆಯೇ. 2023ರ ಮೇ ತಿಂಗಳಲ್ಲಿ ನ್ಯೂಯಾರ್ಕ್‌ನ ವೈದ್ಯರು ಆರನ್ ಜೇಮ್ಸ್ ಎಂಬ ಲೈನ್‌ಮನ್‌ಗೆ ಇಡೀ ಕಣ್ಣನ್ನೇ ಕಸಿ ಮಾಡಿದರು. ರಕ್ತ ಹರಿಯಿತು, ಕಣ್ಣು ಬದುಕಿತು. ವರ್ಷ ಕಳೆದರೂ ದೃಷ್ಟಿ ಬರಲಿಲ್ಲ.

ದೃಷ್ಟಿನರ ಸವೆಯುವ ರೋಗಗಳಲ್ಲಿ ತೀರಾ ಸಾಮಾನ್ಯವಾದದ್ದು ಗ್ಲಾಕೋಮಾ. ಹೆಚ್ಚಿನವರಲ್ಲಿ ನೋವಿರುವುದಿಲ್ಲ, ಕಣ್ಣು ಕೆಂಪಾಗುವುದಿಲ್ಲ. ಮೊದಲು ಅಂಚಿನ ನೋಟ ಹೋಗುತ್ತದೆ, ನಡುವಿನದು ಬಹುಕಾಲ ಉಳಿಯುತ್ತದೆ. ಹಾಗಾಗಿ ಪೇಪರಿನ ಸಣ್ಣ ಅಕ್ಷರ ಓದಿದವರೇ ಎದ್ದು ಹೋಗುವಾಗ ಕಾಲ ಬಳಿಯ ಸ್ಟೂಲ್ ಎಡವುತ್ತಾರೆ. ಮೆಟ್ಟಿಲು ಮುಗಿಯಿತೋ ಇಲ್ಲವೋ ಎಂದು ಪಾದದಿಂದ ತಡಕುತ್ತಾರೆ. ಪಕ್ಕದಿಂದ ನುಗ್ಗುವ ಬೈಕು ಮೈಮೇಲೆ ಬಂದಾಗಲೇ ಗೊತ್ತಾಗುವುದು. ‘ಪೇಪರ್ ಓದ್ತೀರಿ, ಇಷ್ಟು ದೊಡ್ಡ ಸ್ಟೂಲ್ ಕಾಣಲ್ವಾ?’ ಎಂಬ ಮಾತು ಎಡವಿದ ಪೆಟ್ಟಿಗಿಂತ ಹೆಚ್ಚು ನೋಯಿಸುತ್ತದೆ. ಮನೆಯವರು ಓಡಾಡುವ ಜಾಗ ತೆರವಾಗಿಟ್ಟು, ಮೆಟ್ಟಿಲಿನ ಅಂಚಿಗೆ ಹಳದಿ ಬಣ್ಣ ಬಳಿದುಕೊಟ್ಟರೆ ಅರ್ಧ ಭಯ ಇಳಿಯುತ್ತದೆ.

ಇಂಥವರಿಗೆ ‘ಆಸೆ ಬಿಡಿ’ ಎನ್ನುವ ಹಕ್ಕು ಯಾರಿಗೂ ಇಲ್ಲ. 2020ರಲ್ಲಿ ಹಾರ್ವರ್ಡ್‌ನ ವಿಜ್ಞಾನಿಗಳು 3 ಜೀನ್‌ಗಳನ್ನು ಬಳಸಿ ಇಲಿಗಳ ಜಜ್ಜಿದ ದೃಷ್ಟಿನರ ಮತ್ತೆ ಚಿಗುರುವಂತೆ ಮಾಡಿದರು. ಲೆಬರ್ ಎಂಬ ಆನುವಂಶಿಕ ನರರೋಗಕ್ಕೆ ಜೀನ್ ಚಿಕಿತ್ಸೆಯನ್ನು ಮನುಷ್ಯರಲ್ಲೇ ಪ್ರಯೋಗಿಸಿ ನೋಡಲಾಗಿದೆ. ಇನ್ನೂ ಸಾಗಬೇಕಾದ ದೂರ ಬಹಳ. ಆ ನಡುವೆ ‘ಸ್ಟೆಮ್ ಸೆಲ್ ಇಂಜೆಕ್ಷನ್ ಕೊಟ್ಟರೆ ನರ ಬೆಳೆಯುತ್ತದೆ’ ಎಂದು ಲಕ್ಷಗಟ್ಟಲೆ ಕೇಳುವವರೂ ಇದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಾರ್ಗಸೂಚಿಯಲ್ಲಿ ಇದು ದೃಷ್ಟಿನರಕ್ಕೆ ಒಪ್ಪಿತ ಚಿಕಿತ್ಸೆಯಲ್ಲ. ನೋಂದಾಯಿತ ಪ್ರಯೋಗವಾಗಿ ಮಾತ್ರ ನಡೆಸಬಹುದು, ಅದಕ್ಕೆ ರೋಗಿಯಿಂದ ದುಡ್ಡು ಪಡೆಯುವಂತಿಲ್ಲ. ಒಡವೆ ಅಡ ಇಡುವ ಮೊದಲು ಸಿಟಿಆರ್‌ಐ (ವೈದ್ಯಕೀಯ ಪ್ರಯೋಗಗಳ ಭಾರತೀಯ ದಾಖಲೆ) ನೋಂದಣಿ ಸಂಖ್ಯೆ ಕೇಳಿ, ಇನ್ನೊಬ್ಬ ಕಣ್ಣಿನ ವೈದ್ಯರಿಗೆ ಅದನ್ನು ತೋರಿಸಿ.

ನಿಜವಾದ ಚಿಕಿತ್ಸೆ ಬಂದ ದಿನ ಅದು ಹಿಡಿದುಕೊಳ್ಳಲು ಕಣ್ಣಿನಲ್ಲಿ ಒಂದಿಷ್ಟಾದರೂ ನರ ಉಳಿದಿರಬೇಕು. ಪ್ರಯೋಗಾಲಯದ ಹಲವು ಪ್ರಯತ್ನಗಳು ನೆಚ್ಚಿರುವುದು ಬದುಕುಳಿದ ನರಕೋಶಗಳನ್ನೇ. ಗ್ಲಾಕೋಮಾದಲ್ಲಿ ಅವನ್ನು ಕಾಯುವುದು ಕಣ್ಣಿನ ಒತ್ತಡ ಇಳಿಸುವ ದಿನದ ಹನಿ ಔಷಧ. ಕೆಳರೆಪ್ಪೆ ಎಳೆದು ಒಂದೇ ಹನಿ ಬಿಡಬೇಕು. ಕಣ್ಣು ಮುಚ್ಚಿ, ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಎರಡು ನಿಮಿಷ ಒತ್ತಿ ಹಿಡಿದರೆ ಔಷಧ ಗಂಟಲಿಗೆ ಇಳಿಯುವುದಿಲ್ಲ. ಇನ್ನೊಂದು ಔಷಧವಿದ್ದರೆ ಐದು ನಿಮಿಷ ಬಿಟ್ಟು ಹಾಕಬೇಕು. ಹಾಕಿದರೆ ನೋಟ ಹೆಚ್ಚುವುದಿಲ್ಲ, ಬಿಟ್ಟರೆ ಮರುದಿನ ಏನೂ ಗೊತ್ತಾಗುವುದಿಲ್ಲ. ಅದಕ್ಕೇ ನಡುವೆ ಕೈಬಿಡುವವರು ಬಹಳ. ಕಣ್ಣಿಗೆ ಕಾಣದ ಫಲಕ್ಕಾಗಿ ವರ್ಷಗಟ್ಟಲೆ ತಪ್ಪದೆ ಹನಿ ಹಾಕಿಕೊಳ್ಳುವವರೇ, ನನ್ನ ಮಟ್ಟಿಗೆ, ನಾಳೆಯನ್ನು ನಿಜವಾಗಿ ನಂಬಿದವರು.

ಒಡಹುಟ್ಟಿದವರಿಗೂ ಮಕ್ಕಳಿಗೂ ಇಲ್ಲೊಂದು ಕರ್ತವ್ಯವಿದೆ. ಗ್ಲಾಕೋಮಾ ಹತ್ತಿರದ ರಕ್ತಸಂಬಂಧಿಗಳಲ್ಲಿ ಕಾಣಿಸಿಕೊಳ್ಳುವ ಸಂಭವ ಹೆಚ್ಚು. ಕನ್ನಡಕದ ನಂಬರ್ ನೋಡಿಸಿದರೆ ಸಾಲದು. ಕಣ್ಣಿನ ಒತ್ತಡ, ನರ ಎರಡನ್ನೂ ಪರೀಕ್ಷೆ ಮಾಡಿಸಬೇಕು. ಕಣ್ಣು ತುರಿಸುತ್ತದೆಂದು ಮೆಡಿಕಲ್ ಸ್ಟೋರಿನಿಂದ ಕೇಳಿ ತಂದ ಸ್ಟಿರಾಯ್ಡ್ ಹನಿಯನ್ನು ತಿಂಗಳುಗಟ್ಟಲೆ ಹಾಕಿಕೊಂಡರೂ ಒತ್ತಡ ಏರಬಹುದು. ಅಣ್ಣ ಎದುರು ನೋಡುತ್ತಿರುವ ಚಿಕಿತ್ಸೆ ಇನ್ನೂ ಬಂದಿಲ್ಲ. ತಮ್ಮನ ನರ ಉಳಿಸುವ ಚಿಕಿತ್ಸೆ ಹತ್ತಿರದ ಕಣ್ಣಾಸ್ಪತ್ರೆಯಲ್ಲಿ ಈಗಲೇ ಇದೆ. ಈ ವಾರವೇ ಕರೆದುಕೊಂಡು ಹೋಗಿ.