ಬಿಟ್ಟ ಊಟದ ಲೆಕ್ಕ

ತಪಸ್ಸು ಕಾಲದಲ್ಲಿ ಒಪ್ಪತ್ತು ಮಾಡುವ ಕ್ರೈಸ್ತರು ಹೇಳುವ ಮಾತೊಂದಿದೆ: ಹಸಿದಾಗಲೇ ಬಡವರ ಕಷ್ಟ ತಿಳಿಯುವುದು, ದೇವರು ನಮಗೆ ಎಷ್ಟು ಕೊಟ್ಟಿದ್ದಾನೆ ಎಂಬುದೂ ಆಗಲೇ ಅರಿವಾಗುವುದು. ಮನಸಾರೆ ಆಡಿದ ಮಾತೇ. ಆದರೂ ಅದರ ಮೊದಲರ್ಧ ನಿಜವಲ್ಲ, ಎರಡನೆಯ ಅರ್ಧದಲ್ಲಿ ಅಪಾಯವಿದೆ.

ಮಂಚೇನಹಳ್ಳಿ ಸುತ್ತಲಿನ ಹೊಲಗಳನ್ನೇ ನೋಡಿ. ಮಳೆ ನಂಬಿದ ರಾಗಿಯ ಕೊಯ್ಲು ವರ್ಷದ ಕೊನೆಗೆ ಮುಗಿಯುತ್ತದೆ. ತಪಸ್ಸು ಕಾಲ ಶುರುವಾಗುವ ಬೂದಿ ಬುಧವಾರ ಬರುವ ಹೊತ್ತಿಗೆ ಕೂಲಿ ಸಿಗುವುದು ಹೆಚ್ಚಾಗಿ ಬೋರ್‌ವೆಲ್ ನೀರಿರುವ ತೋಟಗಳಲ್ಲಿ. ಟೊಮೆಟೊ ಬಿಡಿಸಲು ಹೋದ ಹೆಣ್ಣುಮಗಳು ಬಿಸಿಲೇರುವ ಮೊದಲೇ ಸೊಂಟ ಬಗ್ಗಿಸಿ ಕ್ರೇಟು ತುಂಬುತ್ತಾಳೆ. ಮಂಡಿಯಲ್ಲಿ ರೇಟು ಬಿದ್ದರೆ ಬೆಳೆದವನು ಹಣ್ಣನ್ನು ಗಿಡದಲ್ಲೇ ಬಿಡುತ್ತಾನೆ, ನಾಳೆ ಬರಬೇಡಮ್ಮ ಅನ್ನುತ್ತಾನೆ. ತಿನ್ನುವ ಪದಾರ್ಥ ಕಣ್ಣೆದುರೇ ಕೊಳೆಯುತ್ತಿರುವಾಗ ಅವಳ ಮನೆಯ ಸಾರು ತೆಳ್ಳಗಾಗುತ್ತದೆ.

ಕಥೋಲಿಕ ಸಭೆಯ ನಿಯಮ ಉಪವಾಸದ ದಿನವೂ ಒಂದು ಪೂರ್ತಿ ಊಟ, ಎರಡು ಸಣ್ಣ ಊಟಕ್ಕೆ ಅವಕಾಶ ಕೊಡುತ್ತದೆ. 18 ತುಂಬದವರಿಗೆ, ವಯಸ್ಸಾದವರಿಗೆ, ರೋಗಿಗಳಿಗೆ ವಿನಾಯಿತಿಯಿದೆ. ಬಡತನ ಯಾರ ವಯಸ್ಸನ್ನೂ ಕೇಳುವುದಿಲ್ಲ. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನ 1881ಕ್ಕೆ 42 ಲಕ್ಷಕ್ಕಿಳಿದಿದ್ದರು. ನಡುವೆ 1876–78ರ ಧಾತು–ಈಶ್ವರ ಸಂವತ್ಸರಗಳ ಬರ ಹಾದುಹೋಗಿತ್ತು. ಒಪ್ಪತ್ತಿನವನಿಗೆ ರಾತ್ರಿಯ ಮುದ್ದೆ ಖಾತ್ರಿ. ಆ ಖಾತ್ರಿ ಇರುವ ತನಕ ಅವನಿಗೆ ತಿಳಿಯುವುದು ಹಸಿವೆಯೇ ಹೊರತು ಬಡತನವಲ್ಲ.

ಇನ್ನು ಕೃತಜ್ಞತೆ. ಲೂಕನ ಸುವಾರ್ತೆಯಲ್ಲಿ ಯೇಸು ಹೇಳುವ ಸಾಮತಿಯ ಫರಿಸಾಯ ವಾರಕ್ಕೆರಡು ಸಲ ಉಪವಾಸ ಮಾಡುವವನು, ದೇವರಿಗೆ ಕೃತಜ್ಞತೆ ಸಲ್ಲಿಸುವವನು. ತಾನು ಉಳಿದವರಂತಿಲ್ಲವಲ್ಲ ಎಂಬುದೇ ಅವನ ಕೃತಜ್ಞತೆ! 2024ರಲ್ಲಿ ಜಗತ್ತಿನ ಸುಮಾರು 67 ಕೋಟಿ ಜನ ಹಸಿವಿನಲ್ಲಿದ್ದರು ಎಂಬ ವಿಶ್ವಸಂಸ್ಥೆಯ ಅಂದಾಜು ಓದಿ, ಸದ್ಯ ನಾವು ಅವರಲ್ಲಿಲ್ಲ ಎಂದು ಕೈಮುಗಿಯುವುದು ಅದೇ ಪ್ರಾರ್ಥನೆ. ಬೇರೆಯವರ ಬರಿದಾದ ತಟ್ಟೆ ನೋಡಿ ಹುಟ್ಟುವ ಸಮಾಧಾನಕ್ಕೆ ಆ ತಟ್ಟೆ ಬರಿದಾಗಿಯೇ ಇರಬೇಕಾಗುತ್ತದೆ.

ಕೃತಜ್ಞತೆ ಋಣವಾಗಬೇಕು. ಹಳೆಯ ಕ್ರೈಸ್ತರಿಗೆ ಇದು ಗೊತ್ತಿತ್ತು. ಎರಡನೆಯ ಶತಮಾನದಲ್ಲಿ ರೋಮಿನಲ್ಲಿ ಹುಟ್ಟಿದ ‘ಹರ್ಮಾಸನ ಕುರುಬ’ ಎಂಬ ಗ್ರಂಥ ಲೆಕ್ಕವನ್ನೇ ಹೇಳುತ್ತದೆ: ಆ ದಿನ ತಿನ್ನಬೇಕಾಗಿದ್ದ ಊಟದ ಬೆಲೆ ಎಣಿಸು, ಅದನ್ನು ವಿಧವೆಗೋ ಅನಾಥರಿಗೋ ಕೊಡು. ರಂಜಾನ್ ಉಪವಾಸದ ಕೊನೆಗೆ ಮುಸಲ್ಮಾನರು ಕೊಡುವ ಫಿತ್ರಾದಲ್ಲೂ ಇಂಥ ಅಳತೆಯಿದೆ. ಬಿಟ್ಟ ಊಟ ಇನ್ನೊಬ್ಬರ ತಟ್ಟೆ ಸೇರದಿದ್ದರೆ ಅದು ಉಳಿತಾಯ, ಅಷ್ಟೇ.

ಇಷ್ಟರಿಂದ ಜಗತ್ತಿನ ಬಡತನ ಹೋದೀತೆ ಎಂದು ಕೇಳಬಹುದು. ಹೋಗದು. 2013ರಲ್ಲಿ ಶುರುವಾದ ಅನ್ನಭಾಗ್ಯದ ಅಕ್ಕಿ ತುಂಬಿಸಿದಷ್ಟು ಹೊಟ್ಟೆಗಳನ್ನು ನಮ್ಮೆಲ್ಲರ ಉಪವಾಸ ಸೇರಿದರೂ ತುಂಬಿಸಿಲ್ಲ, ಇದನ್ನು ಮುಚ್ಚುಮರೆಯಿಲ್ಲದೆ ಒಪ್ಪಬೇಕು. ಆದರೆ ಉಪವಾಸ ಕೇಳುವ ಪ್ರಶ್ನೆಯನ್ನು ರೇಷನ್ ಕಾರ್ಡು ಕೇಳುವುದಿಲ್ಲ: ಈ ಊಟ ಯಾರ ಕೈಯಿಂದ ಬಂತು, ಆ ಕೈಗೆ ಏನು ಸಿಕ್ಕಿತು? ಯೆಶಾಯನ 58ನೆಯ ಅಧ್ಯಾಯದಲ್ಲಿ ದೇವರ ಸಿಟ್ಟು ತಿರುಗುವುದು ಉಪವಾಸದ ದಿನವೇ ಆಳುಗಳನ್ನು ಹಿಂಡುವವರ ಮೇಲೆ. ಯಾಕೋಬನ ಪತ್ರ ಪೈರು ಕೊಯ್ದವರ ತಡೆಹಿಡಿದ ಕೂಲಿಯ ಕೂಗು ದೇವರ ಕಿವಿ ಮುಟ್ಟಿದೆ ಎನ್ನುತ್ತದೆ.

ಹಾಗಾಗಿ ನನ್ನದೊಂದು ಬಿನ್ನಹ. ಈ ಸಲ ಒಪ್ಪತ್ತು ಮಾಡುವವರು ಬಿಟ್ಟ ಊಟದ ದುಡ್ಡನ್ನು ಬೇರೆ ಡಬ್ಬಿಯಲ್ಲಿಡಿ, ಈಸ್ಟರ್‌ಗೆ ಮುಂಚೆ ಕೊಟ್ಟು ಮುಗಿಸಿ. ತೋಟವಿರುವವರು, ಮನೆಗೆಲಸಕ್ಕೆ ಜನ ಇಟ್ಟುಕೊಂಡವರು, ಹಣೆಗೆ ಬೂದಿ ಹಚ್ಚಿಸಿಕೊಳ್ಳುವ ಮುನ್ನ ಬಾಕಿ ಕೂಲಿ ಚುಕ್ತಾ ಮಾಡಿ.