ಹೇಮಾವತಿಯ ನೀರು, ಅಮೆರಿಕದ ಸಂವಿಧಾನ

1787ರಲ್ಲಿ ಫಿಲಡೆಲ್ಫಿಯಾದಲ್ಲಿ ಅಮೆರಿಕದ ಸಂವಿಧಾನವನ್ನು ರೂಪಿಸಿದವರಿಗೆ ಅಧಿಕಾರವೆಲ್ಲ ಒಂದೇ ಕೈಗೆ ಸೇರಬಾರದೆಂಬುದೇ ದೊಡ್ಡ ಚಿಂತೆಯಾಗಿತ್ತು. ಆದ್ದರಿಂದ ಅವರು ಕಾನೂನು ಮಾಡುವ ಕಾಂಗ್ರೆಸ್, ಅದನ್ನು ಜಾರಿಗೆ ತರುವ ಅಧ್ಯಕ್ಷ, ಅದರ ಅರ್ಥವನ್ನು ನಿರ್ಣಯಿಸುವ ನ್ಯಾಯಾಂಗ ಎಂದು ಮೂರು ಅಂಗಗಳನ್ನು ಬೇರ್ಪಡಿಸಿದರು. ಒಕ್ಕೂಟಕ್ಕೆ ಒಪ್ಪಿಸದ ಅಧಿಕಾರಗಳು ರಾಜ್ಯಗಳಲ್ಲಿ ಇಲ್ಲವೆ ಜನರಲ್ಲೇ ಉಳಿಯುತ್ತವೆಂದು 1791ರ ಹತ್ತನೆಯ ತಿದ್ದುಪಡಿ ಸ್ಪಷ್ಟಪಡಿಸಿತು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕಡೆಯಿಂದ ಹೋಗಿ ಅಲ್ಲಿ ನೆಲೆಸಿದ ಕುಟುಂಬಗಳು ಪೌರತ್ವದ ಪರೀಕ್ಷೆಗಾಗಿ ಇದನ್ನೆಲ್ಲ ಓದಿಕೊಳ್ಳುತ್ತವೆ. ಆದರೆ ಈ ತತ್ತ್ವಗಳ ತೂಕ ತಿಳಿಯಲು ಗೊರೂರಿನ ಅಣೆಕಟ್ಟೆಯಷ್ಟು ನೆರವಾಗುವ ಪಾಠ ಮತ್ತೊಂದಿಲ್ಲ.

‘ಅಮೆರಿಕದಲ್ಲಿ ಗೊರೂರು’ ಕೃತಿಗೆ 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಗೊರೂರು ರಾಮಸ್ವಾಮಿ ಅಯ್ಯಂಗಾರರ ಊರಿನಲ್ಲೇ, ಕಾವೇರಿಯ ಉಪನದಿಯಾದ ಹೇಮಾವತಿಗೆ ಕಟ್ಟಿದ ಈ ಅಣೆಕಟ್ಟೆಯಿಂದ ಹೊರಟ ನಾಲೆಗಳು ನಾಲ್ಕೂ ತಾಲ್ಲೂಕುಗಳ ಬೇಸಾಯಕ್ಕೆ ಆಸರೆಯಾಗಿವೆ. ಬಾಗೂರು–ನವಿಲೆ ಸುರಂಗದ ಮೂಲಕ ಅದೇ ನೀರು ತುಮಕೂರಿನತ್ತಲೂ ಸಾಗುತ್ತದೆ. ತೂಬು ಎತ್ತುವವನು ನೀರುಗಂಟಿ, ನಾಲೆಗೆ ಎಂದು ನೀರು ಬಿಡಬೇಕೆಂದು ತೀರ್ಮಾನಿಸುವುದು ನೀರಾವರಿ ಸಲಹಾ ಸಮಿತಿ, ಆದರೆ ನದಿಯಲ್ಲಿ ರಾಜ್ಯದ ಪಾಲೆಷ್ಟೆಂಬ ನಿರ್ಣಯ ಇವರಿಬ್ಬರ ಕೈಯಲ್ಲೂ ಇಲ್ಲ.

ಆ ಪಾಲಿನ ಚರಿತ್ರೆಯಲ್ಲೇ ಎರಡು ದೇಶಗಳ ವ್ಯತ್ಯಾಸ ಕಾಣಿಸುತ್ತದೆ. 1922ರಲ್ಲಿ ಕೊಲೊರಾಡೊ ನದಿಯ ಏಳು ರಾಜ್ಯಗಳ ಪ್ರತಿನಿಧಿಗಳು ಸಹಿ ಹಾಕಿದ ಒಪ್ಪಂದಕ್ಕೆ ಕಾಂಗ್ರೆಸ್ಸಿನ ಸಮ್ಮತಿಯೂ ಬೇಕಾಯಿತು, ರಾಜ್ಯ ಶಾಸನಸಭೆಗಳ ಅನುಮೋದನೆಯೂ ಬೇಕಾಯಿತು; ತನಗೆ ಒಪ್ಪಿಗೆಯಿಲ್ಲದ ಅರಿಜೋನಾ 1944ರವರೆಗೆ ಅನುಮೋದಿಸದೆ ಉಳಿಯಿತು. ಎರಡೇ ವರ್ಷಗಳ ತರುವಾಯ, 1924ರಲ್ಲಿ, ಮೈಸೂರು ಸಂಸ್ಥಾನಕ್ಕೂ ಬ್ರಿಟಿಷರ ಮದರಾಸಿಗೂ ಆದ ಕಾವೇರಿ ಒಪ್ಪಂದದಲ್ಲಿ ನದಿದಡದ ರೈತನ ಮಾತಿಗೆ ಎಡೆಯೇ ಇರಲಿಲ್ಲ. ಮುಂದೆ ಯೋಜನಾ ಆಯೋಗದ ಒಪ್ಪಿಗೆ ದೊರೆಯದಿದ್ದಾಗ ಕರ್ನಾಟಕವು ತನ್ನದೇ ಹಣದಿಂದ ಹೇಮಾವತಿ ಯೋಜನೆಯನ್ನು ಕೈಗೊಂಡದ್ದು ಈ ಹಿನ್ನೆಲೆಯಲ್ಲೇ, ಮತ್ತು ಅದು ನ್ಯಾಯವಾದ ಹೆಜ್ಜೆಯಾಗಿತ್ತು.

ಅಮೆರಿಕದಲ್ಲಿ ರಾಜ್ಯ ರಾಜ್ಯಗಳ ವ್ಯಾಜ್ಯ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗುತ್ತದೆ. ನದಿನೀರನ್ನು ನ್ಯಾಯೋಚಿತವಾಗಿ ಹಂಚಬೇಕೆಂಬ ತತ್ತ್ವ 1907ರ ಕಾನ್ಸಾಸ್–ಕೊಲೊರಾಡೊ ಪ್ರಕರಣದಲ್ಲಿ ಮೂಡಿತು. ಭಾರತದಲ್ಲಿ 262ನೆಯ ವಿಧಿ ಮತ್ತು 1956ರ ಕಾಯ್ದೆಯಂತೆ ನೀರಿನ ವ್ಯಾಜ್ಯ ಮೊದಲು ನ್ಯಾಯಮಂಡಳಿಗೆ ಹೋಗಬೇಕು. 1990ರಲ್ಲಿ ರಚನೆಯಾದ ಕಾವೇರಿ ನ್ಯಾಯಮಂಡಳಿ ಮರುವರ್ಷ ಮಧ್ಯಂತರ ಆದೇಶ ನೀಡಿದಾಗ, ಅದನ್ನು ತಡೆಯಲು ಕರ್ನಾಟಕ ಹೊರಡಿಸಿದ ಸುಗ್ರೀವಾಜ್ಞೆಯನ್ನು ಸುಪ್ರೀಂ ಕೋರ್ಟು 1991ರ ನವೆಂಬರ್ 22ರಂದು ಒಪ್ಪಲಿಲ್ಲ: ನ್ಯಾಯನಿರ್ಣಯವನ್ನು ಶಾಸಕಾಂಗವು ತಾನೇ ರದ್ದುಮಾಡಲಾಗದು ಎಂದಿತು. ಫಿಲಡೆಲ್ಫಿಯಾದ ಅಧಿಕಾರ ವಿಭಜನೆ ಅರಕಲಗೂಡಿನ ಗದ್ದೆಯವರೆಗೂ ಮುಟ್ಟಿದ್ದು ಹೀಗೆ. ಅಂದು ಅದು ಕಹಿಯಾಗಿಯೇ ಮುಟ್ಟಿತು. ಅದೇ ನ್ಯಾಯಾಲಯ 2018ರ ಫೆಬ್ರವರಿ 16ರಂದು ಕರ್ನಾಟಕದ ಪಾಲನ್ನು 14.75 ಟಿಎಂಸಿಯಷ್ಟು ಹೆಚ್ಚಿಸಿ 284.75 ಟಿಎಂಸಿಗೆ ನಿಗದಿಪಡಿಸಿತು.

ಕಾರ್ಯಾಂಗದ ವಿಷಯದಲ್ಲಿ ಮಾತ್ರ ಎರಡು ದೇಶಗಳ ಹಾದಿ ಪೂರ್ತಿ ಬೇರೆ. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯವರಾದ ಎಚ್.ಡಿ. ದೇವೇಗೌಡರು 1996ರ ಜೂನ್ 1ರಂದು ಪ್ರಧಾನಿಯಾದರು. ಹೊರಗಿನಿಂದ ಬೆಂಬಲ ನೀಡುತ್ತಿದ್ದ ಕಾಂಗ್ರೆಸ್ ಪಕ್ಷ ಅದನ್ನು ಹಿಂತೆಗೆದುಕೊಂಡಾಗ 1997ರ ಏಪ್ರಿಲ್ 11ರಂದು ಲೋಕಸಭೆಯಲ್ಲಿ ವಿಶ್ವಾಸಮತ ಕಳೆದುಕೊಂಡರು. ಅಮೆರಿಕದ ಅಧ್ಯಕ್ಷನಿಗೆ ಇಂಥ ಭಯವಿಲ್ಲ. ಅವನ ನಾಲ್ಕು ವರ್ಷಗಳ ಅವಧಿ ಕಾಂಗ್ರೆಸ್ಸಿನ ಬಹುಮತವನ್ನು ಅವಲಂಬಿಸಿಲ್ಲ. ಪದಚ್ಯುತಿಗೆ ಕೆಳಮನೆಯ ದೋಷಾರೋಪವೂ ಸೆನೆಟ್ಟಿನ ಮೂರನೆಯ ಎರಡರಷ್ಟು ಮತವೂ ಬೇಕು, ಮತ್ತು ಯಾವ ಅಧ್ಯಕ್ಷನನ್ನೂ ಈವರೆಗೆ ಹಾಗೆ ಇಳಿಸಿಲ್ಲ. ಈ ಸ್ಥಿರತೆಗೆ ತೆರಬೇಕಾದ ಬೆಲೆಯೂ ಇದೆ: ಅಧ್ಯಕ್ಷನಿಗೂ ಕಾಂಗ್ರೆಸ್ಸಿಗೂ ಹೊಂದಾಣಿಕೆಯಾಗದಾಗ ಸರ್ಕಾರ ಬೀಳುವುದಿಲ್ಲ, ಹಣಕ್ಕೆ ಮಂಜೂರಾತಿ ಸಿಗದೆ ಕಚೇರಿಗಳ ಕೆಲಸ ನಿಲ್ಲುತ್ತದೆ, 2018ರ ಡಿಸೆಂಬರಿನಲ್ಲಿ ಹಾಗೆ ನಿಂತ ಹಲವು ಇಲಾಖೆಗಳ ನೌಕರರು 35 ದಿನ ಸಂಬಳವಿಲ್ಲದೆ ಕಳೆಯಬೇಕಾಯಿತು.