ಅಪಾಯಕ್ಕೆ ಬೆಲೆ ಕಟ್ಟುವ ನ್ಯಾಯ

ಒಬ್ಬನು ಮಾಡಿದ ತಪ್ಪಿನ ಫಲವನ್ನು ಅವನೇ ಅನುಭವಿಸಬೇಕೆಂಬುದು ಲೋಕದ ಹಳೆಯ ನಂಬಿಕೆ. ‘ಮಾಡಿದ್ದುಣ್ಣೋ ಮಹಾರಾಯ’ ಎಂಬ ಗಾದೆಯು ಹಳ್ಳಿಯ ಜಗಲಿಯಿಂದ ಪಂಡಿತರ ಸಭೆಯವರೆಗೆ ಎಲ್ಲೆಲ್ಲಿಯೂ ಸಲ್ಲತಕ್ಕದ್ದು. ಒಬ್ಬನಿಗೆ ಒದಗಿದ ಕಷ್ಟವನ್ನು ಹಲವರು ಸೇರಿ ಹಗುರ ಮಾಡಬೇಕೆಂಬುದೂ ಅಷ್ಟೇ ಹಳೆಯ ನಂಬಿಕೆ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆಯೆಂದು ತಿಳಿದವರು, ಆ ತಲೆಹೊರೆಯನ್ನು ಮತ್ತೆ ಹತ್ತು ಕಡ್ಡಿಗಳಾಗಿ ಹಂಚಿಕೊಳ್ಳಬಹುದೆಂಬುದನ್ನೂ ತಿಳಿದಿದ್ದರು. ಸಾಮಾನ್ಯ ಜೀವನದಲ್ಲಿ ಈ ಎರಡು ಧರ್ಮಗಳಿಗೆ ಅಷ್ಟಾಗಿ ಘರ್ಷಣೆ ಬಾರದು. ಆದರೆ ಮೋಟಾರು ಗಾಡಿಯ ವಿಮೆಯೆಂಬ ಈ ಕಾಲದ ಏರ್ಪಾಟಿನಲ್ಲಿ ಅವು ಎದುರುಬದುರಾಗಿ ನಿಲ್ಲುತ್ತವೆ. ಅಪಾಯವನ್ನು ಹೆಚ್ಚಾಗಿ ತರುವ ಚಾಲಕನು ಹೆಚ್ಚು ಹಣ ತೆರಬೇಕೆ, ಅಥವಾ ಎಲ್ಲರೂ ಸಮನಾಗಿ ತೆರಬೇಕೆ ಎಂಬುದು ಮೇಲುನೋಟಕ್ಕೆ ವ್ಯಾಪಾರದ ಪ್ರಶ್ನೆ. ಒಳಹೊಕ್ಕು ನೋಡಿದರೆ ಧರ್ಮದ ಪ್ರಶ್ನೆ.

ವಿಮೆಯ ತತ್ತ್ವವು ಸರಳವಾದುದು. ಗಾಡಿ ನಡೆಸುವ ಸಾವಿರ ಮಂದಿಯಲ್ಲಿ ಈ ವರ್ಷ ಯಾರಿಗೆ ಅಪಘಾತವಾಗುವುದೆಂದು ಮೊದಲೇ ಹೇಳುವುದು ಯಾರಿಂದಲೂ ಆಗದು. ಸುಮಾರು ಎಷ್ಟು ಮಂದಿಗೆ ಆಗಬಹುದೆಂಬುದನ್ನು ಮಾತ್ರ ಹಿಂದಿನ ಲೆಕ್ಕಗಳಿಂದ ಊಹಿಸಬಹುದು. ಆ ನಷ್ಟವನ್ನು ಸಾವಿರ ಮಂದಿಯೂ ಮುಂಚಿತವಾಗಿ ಹಂಚಿಕೊಂಡರೆ ಯಾರೊಬ್ಬನೂ ಮುಳುಗಿಹೋಗುವುದಿಲ್ಲ. ಹೀಗೆ ಒಬ್ಬೊಬ್ಬನು ಕೊಡುವ ಪಾಲಿಗೆ ಕಂತು ಅಥವಾ ಪ್ರೀಮಿಯಂ ಎಂದು ಹೆಸರು.

ಆದರೆ ಮೋಟಾರಿನ ವಿಮೆಗೂ ಮಿಕ್ಕ ವಿಮೆಗಳಿಗೂ ಒಂದು ಮುಖ್ಯವಾದ ಭೇದವುಂಟು. ಬೆಂಕಿಯ ವಿಮೆಯನ್ನು ಮಾಡಿಸುವವನು ತನ್ನ ಮನೆಗಾಗಿ ಮಾಡಿಸುತ್ತಾನೆ. ಜೀವವಿಮೆಯನ್ನು ಮಾಡಿಸುವವನು ತನ್ನ ಹೆಂಡಿರು ಮಕ್ಕಳಿಗಾಗಿ ಮಾಡಿಸುತ್ತಾನೆ. ಮೋಟಾರು ಗಾಡಿಯಾದರೋ ತನ್ನ ಒಡೆಯನಿಗೆ ಮಾತ್ರವಲ್ಲದೆ, ಅವನು ಮುಖವನ್ನೇ ಕಾಣದ ದಾರಿಹೋಕನಿಗೂ ಅಪಾಯಕರವಾದುದು. ಗಾಯಗೊಂಡವನ ಆಸ್ಪತ್ರೆಯ ವೆಚ್ಚವನ್ನಾಗಲಿ, ಸತ್ತವನ ಸಂಸಾರದ ಅನ್ನವನ್ನಾಗಲಿ ಒದಗಿಸುವ ಶಕ್ತಿ ಗಾಡಿಯವನಿಗೆ ಇಲ್ಲದೆಹೋದರೆ, ನ್ಯಾಯಾಲಯದ ಡಿಕ್ರಿಯು ಕಾಗದದ ಮೇಲೆಯೇ ಉಳಿಯುತ್ತದೆ. ಆದುದರಿಂದಲೇ ಸರ್ಕಾರಗಳು ಈ ವಿಮೆಯನ್ನು ಕಡ್ಡಾಯ ಮಾಡಿದವು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 1927ರಿಂದ, ಬ್ರಿಟನ್ನಿನಲ್ಲಿ 1930ರ ರಸ್ತೆ ಸಂಚಾರದ ಕಾನೂನಿನಿಂದ ಇದು ಜಾರಿಗೆ ಬಂದಿತು. ಭಾರತದಲ್ಲಿ 1939ರ ಮೋಟಾರು ವಾಹನಗಳ ಕಾನೂನಿನಲ್ಲಿದ್ದ ವಿಮೆಯ ಅಧ್ಯಾಯವು 1946ರ ಜುಲೈ 1ರಿಂದ ಆಚರಣೆಗೆ ಬಂದಿತು. ಈಗ 1988ರ ಕಾನೂನು ಅದರ ಸ್ಥಾನದಲ್ಲಿದೆ. ಈ ಕಡ್ಡಾಯದ ಮೂಲೋದ್ದೇಶವು ಗಾಡಿಯವನ ಹಿತವಲ್ಲ, ದಾರಿಹೋಕನ ರಕ್ಷೆ ಎಂಬುದನ್ನು ವಾಚಕರು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ವಿಚಾರವು ಸುಲಭವಾಗುತ್ತದೆ.

ಈ ಪ್ರಶ್ನೆಯನ್ನು ಬಹಳ ಸೂಕ್ಷ್ಮವಾಗಿ ತೂಗಿ ನೋಡಿದ ಪ್ರಾಂತಗಳಲ್ಲಿ ಅಮೆರಿಕದ ಕ್ಯಾಲಿಫೋರ್ನಿಯ ಒಂದು. ಕನ್ನಡ ಕುಟುಂಬಗಳು ಅಲ್ಲಿ ಹೆಚ್ಚಾಗಿ ನೆಲೆಸಿರುವುದರಿಂದ ಆ ನಾಡಿನ ಕ್ರಮವು ಕನ್ನಡ ವಾಚಕರಿಗೆ ತೀರ ದೂರದ್ದಲ್ಲ. ಅಲ್ಲಿಯ ಒಂದು ಊರಿನಲ್ಲಿ ಮೂವರು ವಿಮೆಯನ್ನು ಬೇಡಿ ಬಂದರೆಂದು ಊಹಿಸೋಣ. ಮೊದಲನೆಯವನು ಕುಡಿದು ಗಾಡಿ ನಡೆಸಿ ಶಿಕ್ಷೆ ಹೊಂದಿದವನು. ಎರಡನೆಯವನು ನಿನ್ನೆ ಮೊನ್ನೆ ಲೈಸೆನ್ಸು ಪಡೆದ ಹದಿನೆಂಟರ ಹುಡುಗ. ಮೂರನೆಯವಳು ಎಂದೂ ತಪ್ಪು ಮಾಡದೆ, ಆದರೆ ಅಪಘಾತಗಳೂ ಕಳವುಗಳೂ ಹೆಚ್ಚಾಗಿರುವ ಬಡವರ ಕೇರಿಯಲ್ಲಿ ವಾಸಿಸುವ ಹೆಂಗಸು. ಲೆಕ್ಕಶಾಸ್ತ್ರದ ದೃಷ್ಟಿಯಲ್ಲಿ ಈ ಮೂವರೂ ‘ಹೆಚ್ಚಿನ ಅಪಾಯದವರು’. ಧರ್ಮದ ದೃಷ್ಟಿಯಲ್ಲಿಯೂ ಮೂವರು ಒಂದೆಯೆ?

ಮೊದಲನೆಯವನ ವಿಚಾರವನ್ನು ನೋಡಬಹುದು. ಕುಡಿದು ನಡೆಸಿದವನು ಮತ್ತೆ ಗಾಡಿ ನಡೆಸಬೇಕಾದರೆ, ತನಗೆ ವಿಮೆಯುಂಟೆಂದು ಕಂಪನಿಯಿಂದಲೇ ಸರ್ಕಾರಕ್ಕೆ ಪ್ರಮಾಣಪತ್ರವನ್ನು ಕಳುಹಿಸಬೇಕು. ಈ ಪತ್ರಕ್ಕೆ ಎಸ್‌ಆರ್-22 ಎಂದು ಹೆಸರು. ಇದೊಂದು ಬೇರೆಯ ವಿಮೆಯೆಂದು ಹಲವರು ಭ್ರಮಿಸುತ್ತಾರೆ. ಇದು ಬರಿಯ ಜಾಮೀನುಪತ್ರ. ಸಾಮಾನ್ಯವಾಗಿ ಇದನ್ನು ಮೂರು ವರ್ಷ ಉಳಿಸಿಕೊಳ್ಳಬೇಕು. ನಡುವೆ ವಿಮೆ ತಪ್ಪಿದರೆ ಕಂಪನಿಯು ಸರ್ಕಾರಕ್ಕೆ ತಿಳಿಸುತ್ತದೆ, ಲೈಸೆನ್ಸು ಮತ್ತೆ ಅಮಾನತ್ತಿಗೆ ಬೀಳುತ್ತದೆ. ಅಷ್ಟೇ ಅಲ್ಲದೆ, ಒಳ್ಳೆಯ ಚಾಲಕರಿಗೆ ಕಾನೂನು ಕೊಡಿಸುವ ನೂರಕ್ಕೆ 20ರ ರಿಯಾಯಿತಿಯು ಅವನಿಗೆ ಹತ್ತು ವರ್ಷಗಳವರೆಗೆ ದೊರೆಯುವುದಿಲ್ಲ.

ಇಲ್ಲಿ ಒಂದು ಆಕ್ಷೇಪ ಬರಬಹುದು. ‘ನ್ಯಾಯಾಲಯವು ಅವನಿಗೆ ದಂಡ ವಿಧಿಸಿದೆ; ಲೈಸೆನ್ಸನ್ನು ತಡೆದಿದೆ. ಒಂದು ತಪ್ಪಿಗೆ ಎರಡು ಶಿಕ್ಷೆಯೆ? ಕಂಪನಿಯು ನ್ಯಾಯಾಧೀಶನ ಪೀಠವನ್ನು ಏರಬಹುದೆ?’ ಆಕ್ಷೇಪವು ಸಾಧುವಾಗಿ ತೋರಿದರೂ ಶಿಕ್ಷೆಗೂ ಕಂತಿಗೂ ಇರುವ ಭೇದವನ್ನು ಅದು ಮರೆಯುತ್ತದೆ. ಶಿಕ್ಷೆಯು ಹಿಂದೆ ನಡೆದುದನ್ನು ನೋಡುತ್ತದೆ. ಕಂತು ಮುಂದೆ ನಡೆಯಬಹುದಾದುದನ್ನು ನೋಡುತ್ತದೆ. ಹೆಚ್ಚಿನ ಕಂತನ್ನು ಅವನು ಕೊಡದಿದ್ದರೆ ಆ ಹಣವು ಆಕಾಶದಿಂದ ಉದುರುವುದಿಲ್ಲ. ನೆರೆಮನೆಯ ಎಚ್ಚರಗಾರನು ಅದನ್ನು ತೆರಬೇಕಾಗುತ್ತದೆ. ಎಚ್ಚರಗಾರನ ಜೇಬಿನಿಂದ ಎಚ್ಚರಗೇಡಿಗೆ ಸಹಾಯಧನ ಕೊಡಿಸುವುದು ದಯೆಯಲ್ಲ. ಆದರೆ ಇದೇ ತರ್ಕವು ಇನ್ನೊಂದು ಕಟ್ಟನ್ನೂ ಹಾಕುತ್ತದೆ. ಕಂತು ಮುಂದಿನ ಅಪಾಯದ ಅಳತೆಯೇ ಆಗಿದ್ದರೆ, ಮನುಷ್ಯನು ತಿದ್ದಿಕೊಂಡಂತೆ ಅದು ಇಳಿಯಬೇಕು. ಇಳಿಯದ ಕಂತು ಅಳತೆಯಲ್ಲ, ಹಗೆತನ. ಮೂರು ವರ್ಷ, ಹತ್ತು ವರ್ಷ ಎಂಬ ಅವಧಿಗಳ ಬೆಲೆ ಇಲ್ಲಿದೆ: ಪ್ರಾಯಶ್ಚಿತ್ತಕ್ಕೆ ಕೊನೆಯುಂಟೆಂದು ಅವು ಹೇಳುತ್ತವೆ.

ಎರಡನೆಯವನಾದ ಹುಡುಗನು ಏನೂ ಮಾಡಿಲ್ಲ. ಆದರೂ ಹೊಸ ಚಾಲಕರು, ವಿಶೇಷವಾಗಿ ತರುಣರು, ನುರಿತವರಿಗಿಂತ ಹೆಚ್ಚಾಗಿ ಅಪಘಾತಕ್ಕೆ ಈಡಾಗುವರೆಂಬುದು ದೇಶದೇಶಗಳ ಲೆಕ್ಕಗಳಿಂದ ಸಿದ್ಧವಾದ ಸಂಗತಿ. ಮಾಡದ ತಪ್ಪಿಗೆ ಅವನು ಹೆಚ್ಚು ತೆರುವುದು ಅನ್ಯಾಯವಲ್ಲವೆ? ಪೂರ್ಣ ನ್ಯಾಯವೆಂದು ಹೇಳಲಾಗದು. ಆದರೆ ಈ ಅನ್ಯಾಯಕ್ಕೆ ಒಂದು ಸಮಾಧಾನವುಂಟು. ಅನನುಭವವು ಜಾತಿಯಂತೆ ಜೀವಾವಧಿ ಅಂಟಿಕೊಳ್ಳುವ ಹಣೆಪಟ್ಟಿಯಲ್ಲ. ಗಾಡಿ ನಡೆಸುವ ಪ್ರತಿಯೊಬ್ಬನೂ ಆ ಬಾಗಿಲಿನಿಂದಲೇ ಒಳಗೆ ಬಂದವನು. ಇಂದು ಹೆಚ್ಚು ಕೊಟ್ಟ ಹುಡುಗನು ನಾಳೆ ಕಡಿಮೆ ಕೊಡುವನು. ಇಡೀ ಆಯುಷ್ಯದ ಲೆಕ್ಕದಲ್ಲಿ ತಕ್ಕಡಿಯು ಹೆಚ್ಚು ಕಡಿಮೆ ಸಮವಾಗುತ್ತದೆ. ಕ್ಯಾಲಿಫೋರ್ನಿಯದ ಕಾನೂನು ಮುಖ್ಯವಾಗಿ ಎಣಿಸುವುದು ಗಾಡಿ ನಡೆಸಿದ ಅನುಭವದ ವರ್ಷಗಳನ್ನು.

ಹುಟ್ಟಿನಿಂದ ಬಂದ ಭೇದದ ಮಾತು ಬೇರೆ. ಯೂರೋಪಿನಲ್ಲಿ ತರುಣಿಯರಿಗೆ ತರುಣರಿಗಿಂತ ಕಡಿಮೆ ಕಂತನ್ನು ವಿಧಿಸುವ ರೂಢಿಯಿತ್ತು. ಗಂಡು ಹೆಣ್ಣೆಂಬ ಕಾರಣದಿಂದಲೇ ಬೇರೆ ಬೇರೆ ದರ ಹಾಕುವುದು ಸಮಾನತೆಯ ತತ್ತ್ವಕ್ಕೆ ವಿರುದ್ಧವೆಂದು ಯೂರೋಪಿಯನ್ ಒಕ್ಕೂಟದ ನ್ಯಾಯಾಲಯವು 2011ರ ಮಾರ್ಚ್ 1ರಂದು ತೀರ್ಪಿತ್ತಿತು. 2012ರ ಡಿಸೆಂಬರ್ 21ರಿಂದ ಅದು ಜಾರಿಗೆ ಬಂದಿತು. ಕ್ಯಾಲಿಫೋರ್ನಿಯವೂ 2019ರಿಂದ ಈ ಭೇದವನ್ನು ಕೈಬಿಟ್ಟಿತು. ಸರಾಸರಿಯ ಲೆಕ್ಕವು ನಿಜವಿದ್ದರೂ ವ್ಯಕ್ತಿಗೆ ಅದನ್ನು ಅಂಟಿಸುವುದು ಎಲ್ಲ ವೇಳೆಯಲ್ಲಿಯೂ ನ್ಯಾಯವಾಗದೆಂಬುದು ಇದರ ಸಾರ.

ಮೂರನೆಯವಳ ಸಂಗತಿಯು ಇನ್ನೂ ಕಠಿನವಾದುದು. ಹುಡುಗನಿಗೆ ವಯಸ್ಸಾಗುತ್ತದೆ; ಬಡತನಕ್ಕೆ ತಾನಾಗಿಯೇ ವಯಸ್ಸಾಗಿ ಅದು ಕಳೆದುಹೋಗುವುದಿಲ್ಲ. ತನ್ನ ಕೇರಿಯವರ ಅಪಘಾತಗಳಿಗೆ ಅವಳು ಹೆಚ್ಚು ತೆತ್ತರೆ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗುತ್ತದೆ. ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಸಾಲ ತೀರಿಸಿದ ದಾಖಲೆಯನ್ನು ನೋಡಿ ಮೋಟಾರಿನ ಕಂತನ್ನು ಕಟ್ಟುವ ಪದ್ಧತಿಯೂ ಉಂಟು. ಸಾಲದಲ್ಲಿ ತಡಮಾಡಿದವನು ಅಪಘಾತದಲ್ಲಿಯೂ ಮುಂದಾಗುವನೆಂದು ಕಂಪನಿಗಳ ಲೆಕ್ಕ. ಆದರೆ ಕಾಯಿಲೆಯಿಂದಲೋ ಕೆಲಸ ಹೋದುದರಿಂದಲೋ ಸಾಲ ನಿಂತವನಿಗೆ, ಅದೇ ವೇಳೆಯಲ್ಲಿ ಗಾಡಿಯ ಕಂತೂ ಏರುವುದು ಬಿದ್ದವನ ಮೇಲೆ ಕಲ್ಲು ಹೊರಿಸಿದಂತೆ. ಕ್ಯಾಲಿಫೋರ್ನಿಯ, ಹವಾಯಿ, ಮ್ಯಾಸಚೂಸೆಟ್ಸ್ ರಾಜ್ಯಗಳು ಇದಕ್ಕೆ ಎಡೆಗೊಟ್ಟಿಲ್ಲ.

ಈ ಭೇದವನ್ನೆಲ್ಲ ಜನರೇ ಮತ ಕೊಟ್ಟು ತೀರ್ಮಾನಿಸಿದುದು ಕ್ಯಾಲಿಫೋರ್ನಿಯದ ವಿಶೇಷ. 1988ರ ನವೆಂಬರಿನಲ್ಲಿ ಅಲ್ಲಿಯ ಮತದಾರರು 103ನೆಯ ಸೂಚನೆಯನ್ನು ಅಂಗೀಕರಿಸಿದರು. ಅದರಂತೆ ಕಂತನ್ನು ಕಟ್ಟುವಾಗ ಮೊದಲು ಚಾಲಕನ ನಡವಳಿಕೆಯ ದಾಖಲೆ, ಎರಡನೆಯದಾಗಿ ವರ್ಷಕ್ಕೆ ಓಡಿಸುವ ಮೈಲಿಗಳು, ಮೂರನೆಯದಾಗಿ ಅನುಭವದ ವರ್ಷಗಳು ಪರಿಗಣನೆಗೆ ಬರಬೇಕು. ವಾಸಸ್ಥಳವೇ ಮೊದಲಾದ ಮಿಕ್ಕ ಅಂಶಗಳು ಇವುಗಳ ಹಿಂದೆ ನಿಲ್ಲಬೇಕು. ಮನುಷ್ಯನು ಏನು ಮಾಡಿದನೆಂಬುದು ಮುಂದೆ, ಎಲ್ಲಿದ್ದಾನೆಂಬುದು ಹಿಂದೆ: ಇದೊಂದು ನೀತಿಸೂತ್ರವೆಂದರೂ ಸಲ್ಲುತ್ತದೆ.

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. ಅಪಾಯದವನನ್ನು ಯಾವ ಕಂಪನಿಯೂ ಸೇರಿಸಿಕೊಳ್ಳದಿದ್ದರೆ? ‘ಅವನು ನಡೆದುಕೊಂಡು ಹೋಗಲಿ’ ಎಂದು ಹೇಳುವುದು ಸುಲಭ. ಬಸ್ಸೂ ರೈಲೂ ವಿರಳವಾದ ಊರುಗಳಲ್ಲಿ ಕೆಲಸಕ್ಕೆ ಹೋಗಲು ಬೇರೆ ದಾರಿಯಿಲ್ಲದವನು ವಿಮೆಯಿಲ್ಲದೆಯೇ ಗಾಡಿ ಹೊರಡಿಸುವನು. ಅವನ ಚಕ್ರಕ್ಕೆ ಸಿಕ್ಕಿದವನು ಅನಾಥನಾಗುವನು. ಇದನ್ನು ಕಂಡೇ ಕ್ಯಾಲಿಫೋರ್ನಿಯವು 1947ರ ಕಾನೂನಿನಿಂದ, ಬೇರೆಡೆ ವಿಮೆ ದೊರೆಯದ ಚಾಲಕರನ್ನು ಎಲ್ಲ ಕಂಪನಿಗಳಿಗೂ ಹಂಚಿಕೊಡುವ ಏರ್ಪಾಟನ್ನು ಮಾಡಿತು. ತಮಗೆ ಬೇಡದವರನ್ನು ಬಲವಂತದಿಂದ ಹೊರಿಸುವುದು ಸಲ್ಲದೆಂದು ಹೂಡಿದ ವ್ಯಾಜ್ಯವು ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1951ರಲ್ಲಿ ಆ ನ್ಯಾಯಾಲಯವು ರಾಜ್ಯದ ಕ್ರಮವನ್ನೇ ಎತ್ತಿಹಿಡಿಯಿತು. ಮುಂದೆ 1999ರಲ್ಲಿ, ವರಮಾನ ಕಡಿಮೆಯಿದ್ದು ನಡವಳಿಕೆ ಚೆನ್ನಾಗಿರುವವರಿಗೆ ಅಗ್ಗದ ವಿಮೆಯ ಯೋಜನೆಯೊಂದನ್ನೂ ರಾಜ್ಯವು ಆರಂಭಿಸಿತು. ಇದರ ಜತೆಗೆ ಕಠೋರವಾದ ಇನ್ನೊಂದು ಮುಖವೂ ಉಂಟು. 1996ರಲ್ಲಿ ಮತದಾರರು ಒಪ್ಪಿದ 213ನೆಯ ಸೂಚನೆಯಂತೆ, ವಿಮೆಯಿಲ್ಲದೆ ಗಾಡಿ ನಡೆಸಿದವನು, ಎದುರಿನವನ ತಪ್ಪಿನಿಂದಲೇ ಗಾಯಗೊಂಡರೂ, ಸಾಮಾನ್ಯವಾಗಿ ನೋವು ಸಂಕಟಗಳಿಗಾಗಿ ಪರಿಹಾರವನ್ನು ಕೇಳುವಂತಿಲ್ಲ. ಎಲ್ಲರಿಗೂ ಬಾಗಿಲು ತೆರೆದಿರಬೇಕು. ತೆರೆದ ಬಾಗಿಲನ್ನು ಹೊಗದವನು ಅದರ ಫಲವನ್ನು ಉಣ್ಣಬೇಕು ಎಂಬುದು ಇಲ್ಲಿಯ ಭಾವ. ಕಂತು ಕೈಗೆಟುಕದ ಬಡವನಿಗೆ ಆ ಬಾಗಿಲು ನಿಜವಾಗಿ ತೆರೆದಿತ್ತೆ ಎಂಬ ಸಂದೇಹ ಮಾತ್ರ ಉಳಿಯುತ್ತದೆ.

ಭಾರತದ ಕ್ರಮವು ಇದಕ್ಕೆ ಬಹುಮಟ್ಟಿಗೆ ವಿರುದ್ಧವಾದುದು. ಮೂರನೆಯ ವ್ಯಕ್ತಿಯ ರಕ್ಷೆಗಾಗಿ ಕಡ್ಡಾಯವಾಗಿರುವ ವಿಮೆಯ ದರವನ್ನು ಇಲ್ಲಿ ಸರ್ಕಾರವೇ ನಿಗದಿ ಮಾಡುತ್ತದೆ. ಅದರ ಅಳತೆ ಚಾಲಕನಲ್ಲ, ಗಾಡಿಯ ಎಂಜಿನ್ನು. 2022ರ ಜೂನ್ 1ರಿಂದ ಜಾರಿಗೆ ಬಂದ ದರದಂತೆ 1000 ಸಿ.ಸಿ. ಮೀರದ ಖಾಸಗಿ ಕಾರಿಗೆ 2,094 ರೂಪಾಯಿ, 1500 ಸಿ.ಸಿ.ವರೆಗಿನ ಕಾರಿಗೆ 3,416 ರೂಪಾಯಿ, ಅದಕ್ಕೂ ದೊಡ್ಡದಕ್ಕೆ 7,897 ರೂಪಾಯಿ. ಇಪ್ಪತ್ತು ವರ್ಷ ಒಂದು ಗೀರನ್ನೂ ಮಾಡದವನೂ, ವರ್ಷಕ್ಕೆರಡು ಬಾರಿ ಗುದ್ದುವವನೂ ಈ ಭಾಗದಲ್ಲಿ ಸಮನಾಗಿ ತೆರುತ್ತಾರೆ. ತನ್ನ ಗಾಡಿಯ ಹಾನಿಗಾಗಿ ಮಾಡಿಸುವ ಐಚ್ಛಿಕ ಭಾಗದಲ್ಲಿ ಮಾತ್ರ, ಪರಿಹಾರ ಕೇಳದೆ ಕಳೆದ ವರ್ಷಗಳಿಗೆ ನೂರಕ್ಕೆ 20ರಿಂದ 50ರವರೆಗೆ ರಿಯಾಯಿತಿ ಏರುತ್ತದೆ. ಅದು ಕೂಡ ಗುದ್ದಲಿಲ್ಲವೆಂಬುದನ್ನಲ್ಲ, ಕೇಳಲಿಲ್ಲವೆಂಬುದನ್ನು ನೋಡುತ್ತದೆ. ಸಂಚಾರದ ನಿಯಮಗಳನ್ನು ಮುರಿದವರಿಗೆ ಹೆಚ್ಚಿನ ಕಂತನ್ನು ವಿಧಿಸಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರದ ಕಾರ್ಯತಂಡವೊಂದು 2021ರಲ್ಲಿ ಸಲಹೆ ಮಾಡಿದುದು ಈ ಕೊರತೆಯನ್ನು ಕಂಡೇ.

ಆದರೆ ಭಾರತದ ಪದ್ಧತಿಯಲ್ಲಿ ಒಂದು ಔದಾರ್ಯವನ್ನೂ ಕಾಣಬಹುದು. ಚಾಲಕನಿಗೆ ಸರಿಯಾದ ಲೈಸೆನ್ಸು ಇಲ್ಲದ ಸಂದರ್ಭದಲ್ಲಿಯೂ ಕಂಪನಿಯು ಮೊದಲು ಗಾಯಾಳುವಿಗೆ ಪರಿಹಾರ ಕೊಟ್ಟು, ಆಮೇಲೆ ಗಾಡಿಯ ಒಡೆಯನಿಂದ ವಸೂಲು ಮಾಡಿಕೊಳ್ಳುವಂತೆ ಆಜ್ಞಾಪಿಸಬಹುದೆಂದು ಸುಪ್ರೀಂ ಕೋರ್ಟು 2004ರ ಒಂದು ತೀರ್ಪಿನಲ್ಲಿ ವಿವರಿಸಿತು. ತಪ್ಪಿನ ವಿಚಾರಣೆ ಆಮೇಲೆ, ಬಿದ್ದವನನ್ನು ಎತ್ತುವುದು ಮೊದಲು ಎಂಬ ಮನುಷ್ಯಧರ್ಮ ಇದರಲ್ಲಿ ಸ್ಪಷ್ಟವಾಗಿದೆ.

ಹಾಗಾದರೆ ಸಿದ್ಧಾಂತವೇನು? ಹೆಚ್ಚಿನ ಅಪಾಯಕ್ಕೆ ಹೆಚ್ಚಿನ ಬೆಲೆ ಎಂಬುದು ತಾನಾಗಿ ನ್ಯಾಯವೂ ಅಲ್ಲ, ಅನ್ಯಾಯವೂ ಅಲ್ಲ. ಆ ಅಪಾಯವು ಎಲ್ಲಿಂದ ಬಂದಿತೆಂಬುದನ್ನು ಕೇಳಬೇಕು. ನಡತೆಯಿಂದ ಬಂದ ಅಪಾಯವನ್ನು ನಡೆಸಿದವನೇ ಹೊರಲಿ. ಅವನು ತಿದ್ದಿಕೊಂಡಾಗ ಹೊರೆಯೂ ಇಳಿಯಲಿ. ಅನನುಭವದಿಂದ ಬಂದುದನ್ನು ಕಾಲವು ತೀರಿಸಲಿ. ಹುಟ್ಟಿನಿಂದಲೂ ಬಡತನದಿಂದಲೂ ಕೇರಿಯಿಂದಲೂ ಬಂದುದನ್ನು ಎಲ್ಲರೂ ಹಂಚಿಕೊಳ್ಳಲಿ. ಈ ಮೂರರ ಮೇಲೆ ಇನ್ನೊಂದು ನಿಯಮವಿರಲಿ: ಚಾಲಕನ ಮೇಲಿನ ಸಿಟ್ಟಿನಿಂದ ಕಂತನ್ನು ಏರಿಸಿ ಏರಿಸಿ, ಅವನು ವಿಮೆಯನ್ನೇ ತೊರೆದು ಕದ್ದು ಗಾಡಿ ನಡೆಸುವಂತೆ ಆಗಬಾರದು.

ಏಕೆಂದರೆ ಈ ಲೆಕ್ಕದಲ್ಲಿ ಕಂಪನಿಯೂ ಚಾಲಕನೂ ಇಬ್ಬರೇ ಪಕ್ಷಗಾರರಲ್ಲ. ಸಂಜೆಗತ್ತಲಲ್ಲಿ ತರಕಾರಿಯ ಚೀಲವನ್ನು ಹಿಡಿದು ರಸ್ತೆಯನ್ನು ದಾಟುತ್ತಿರುವ ಒಬ್ಬ ಮುದುಕಿ ಇದ್ದಾಳೆ. ಅವಳು ಯಾವ ಕಾಗದಕ್ಕೂ ರುಜು ಹಾಕಿದವಳಲ್ಲ; ಯಾವ ದರದ ಪಟ್ಟಿಯನ್ನೂ ಓದಿದವಳಲ್ಲ. ಬರುತ್ತಿರುವ ಗಾಡಿಯವನು ಒಳ್ಳೆಯ ಚಾಲಕನೋ ಕೆಟ್ಟವನೋ ಅವಳಿಗೆ ಗೊತ್ತಾಗದು. ಅವಳಿಗಾಗಿಯೇ ಈ ಕಾನೂನು ಹುಟ್ಟಿತು. ಅವಳು ಕ್ಷೇಮವಾಗಿ ಆಚೆಯ ದಡವನ್ನು ಸೇರುವಳೆ, ಸೇರದಿದ್ದರೆ ಅವಳ ಮನೆಯವರು ಬೀದಿಗೆ ಬೀಳದೆ ಉಳಿಯುವರೆ ಎಂಬುದರಿಂದಲೇ ಅದರ ನ್ಯಾಯವನ್ನು ಅಳೆಯತಕ್ಕದ್ದು.